ಸೂತಕವಿಲ್ಲದವರ ದುಃಖ: ಕಲಾವಿದೆ ಗೆಳತಿಯನ್ನು ಕಳೆದುಕೊಂಡವರಿಗೆ ಒಂದು ಉತ್ತರ

ಪ್ರಶ್ನೆ: ನಾವು ಮೈಸೂರಿನ ಒಂಬತ್ತು ಮಂದಿ ಸ್ನೇಹಿತರು. ನಮ್ಮ ಆಪ್ತ ಗೆಳತಿ, ಚಿತ್ರಕಲಾವಿದೆ, ಕಳೆದ ಆಷಾಢದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಲೆಸ್ಬಿಯನ್. ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ತಮ್ಮ ಸಂಗಾತಿಯೊಂದಿಗೆ 17 ವರ್ಷ ಬಾಳಿದರು. ನಗರದಲ್ಲಿ ಅದನ್ನು ಮುಚ್ಚಿಟ್ಟವರಲ್ಲ. ಮಂಡ್ಯ ಜಿಲ್ಲೆಯ ಹುಟ್ಟೂರಿನಲ್ಲಿ ಮಾತ್ರ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ತಮ್ಮನವರು ಬಂದು ದೇಹವನ್ನು ಊರಿಗೆ ಒಯ್ದರು. ಸಂಗಾತಿ ಅಲ್ಲಿ ಹಿಂದಿನ ಸಾಲಿನಲ್ಲಿ ‘ಮೈಸೂರಿನ ಫ್ರೆಂಡು’ ಎಂದು ನಿಂತಿದ್ದರು. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಡುವಾಗ ಅವರನ್ನು ಕರೆಯಲಿಲ್ಲ. ಈಗ ಮನೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು, ಸ್ಕೆಚ್ ಪುಸ್ತಕಗಳು ಮತ್ತು ಅರ್ಧಕ್ಕೆ ನಿಂತ ಒಂದು ತೈಲಚಿತ್ರ ಇವೆ. ಆಯುಧಪೂಜೆ ಕಳೆದ ಮೇಲೆ ಗಾಡಿ ತಂದು ಎಲ್ಲವನ್ನೂ ಒಯ್ಯುವುದಾಗಿ ತಮ್ಮನವರು ಹೇಳಿದ್ದಾರೆ. ತಂದೆ ಇಲ್ಲ, ತಾಯಿ ಇದ್ದಾರೆ. ನಾವು ನುಡಿನಮನ ಮತ್ತು ಪ್ರದರ್ಶನ ಮಾಡಬೇಕೆಂದಿದ್ದೇವೆ; ಅವರು ಲೆಸ್ಬಿಯನ್ ಎಂಬುದನ್ನು ಹೇಳಬೇಕೆಂದು ಕೆಲವರು, ತಾಯಿಗೆ ನೋವಾಗುತ್ತದೆಂದು ಕೆಲವರು. ಅರ್ಧ ಚಿತ್ರವನ್ನು ತಾನು ಮುಗಿಸುತ್ತೇನೆಂದು ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ. ನಾವೇನು ಮಾಡಬೇಕು? ನಮ್ಮ ಮನೆಯವರೇ ‘ನಿಮಗೇನಾಗಬೇಕು ಅವರು’ ಎಂದು ಕೇಳುತ್ತಾರೆ. ಇಷ್ಟು ದುಃಖಪಡುವ ಹಕ್ಕು ನಮಗಿದೆಯೇ?

ಉತ್ತರ: ಪತ್ರದ ಕೊನೆಯ ಸಾಲಿನಿಂದಲೇ ತೊಡಗುತ್ತೇನೆ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಅದರಿಂದಲೇ ಹುಟ್ಟಿವೆ. ನಮ್ಮ ಕಡೆ ಸಾವಿನ ಮನೆಯಲ್ಲಿ ದುಃಖಕ್ಕೂ ಒಂದು ಲೆಕ್ಕವಿದೆ. ರಕ್ತ ಎಷ್ಟು ಹತ್ತಿರವೋ ಸೂತಕ ಅಷ್ಟು ದಿನ. ಆಕೆಯ ಒಂದು ಚಿತ್ರವನ್ನೂ ನೋಡಿರದ ದಾಯಾದಿಗೆ ಸೂತಕವಿದೆ, ಕಿಮೋಥೆರಪಿಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವರಿಗೆ ಇಲ್ಲ. ಸೂತಕವನ್ನು ನಾವು ಮೈಲಿಗೆಯೆಂದಷ್ಟೇ ತಿಳಿಯುತ್ತೇವೆ, ಆದರೆ ದುಃಖದಲ್ಲಿರುವವರಿಗೆ ಊರು ಕೊಡುವ ಬಿಡುವೂ ಅದರೊಳಗಿದೆ: ಆ ದಿನಗಳಲ್ಲಿ ಅವರಿಗೆ ಯಾರೂ ಕೆಲಸ ಹೇಳುವುದಿಲ್ಲ, ನೆರೆಯವರು ಅಡುಗೆ ತಂದಿಡುತ್ತಾರೆ, ಅತ್ತರೆ ಏಕೆಂದು ಕೇಳುವುದಿಲ್ಲ. ನಿಮಗೆ ಆ ಬಿಡುವು ಸಿಗಲಿಲ್ಲ. ಮಾರನೆಯ ದಿನವೇ ಕಚೇರಿಗೆ ಹೋಗಿ ಏನೂ ಆಗದವರಂತೆ ಕೂತಿರಿ. ಸಮಾಜ ಮಾನ್ಯ ಮಾಡದ ಇಂಥ ದುಃಖವನ್ನು ಸಾವು ಮತ್ತು ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಷ್ಟು ಹಿಂದೆಯೇ ಗುರುತಿಸಿ ಬರೆದರು, ಮತ್ತು ಗೆಳೆಯರು, ಸಲಿಂಗ ಸಂಗಾತಿಗಳು ಇದಕ್ಕೆ ಹೆಚ್ಚು ಗುರಿಯಾಗುತ್ತಾರೆಂಬುದನ್ನು ಆಪ್ತಸಮಾಲೋಚಕರು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ಮಹಾಲಯದ ತರ್ಪಣದಲ್ಲಿ ತಂದೆ ತಾಯಿಯರ ಸಾಲು ಮುಗಿದ ಮೇಲೆ ಗುರುವಿನ ಹೆಸರನ್ನೂ ಸಖನ ಹೆಸರನ್ನೂ ಹೇಳಿ ನೀರು ಬಿಡುವ ರೂಢಿಯಿದೆ. ಸೂತಕದ ಲೆಕ್ಕದಲ್ಲಿ ಬಿಟ್ಟುಹೋದ ಗೆಳೆತನವನ್ನು ನಮ್ಮ ಹಿರಿಯರು ಅಲ್ಲಿ ಸೇರಿಸಿಕೊಂಡಿದ್ದಾರೆ. ಆದ್ದರಿಂದ ‘ನಿಮಗೇನಾಗಬೇಕು’ ಎಂದು ಕೇಳುವವರಿಗೆ ‘ಗೆಳತಿಯಾಗಬೇಕು’ ಎಂದು ನೇರವಾಗಿ ಹೇಳಿ. ಆ ಉತ್ತರದಲ್ಲಿ ಕೊರತೆಯೇನೂ ಇಲ್ಲ.

ಆದರೆ ನಿಮ್ಮ ದುಃಖದ ಮುಂದೆ ಇನ್ನೊಂದು ದುಃಖವಿದೆ, ಅದು ಸಂಗಾತಿಯದು. ನಿಮ್ಮ ಪತ್ರದಲ್ಲಿ ಚಿತ್ರಗಳ ಬಗ್ಗೆ, ತಾಯಿಯ ಬಗ್ಗೆ, ತಮ್ಮನ ಬಗ್ಗೆ ಇದೆ. ಆ ಮನೆಯಲ್ಲಿ ಈಗ ಒಬ್ಬರೇ ಇರುವವರು ಏನು ಬಯಸುತ್ತಿದ್ದಾರೆ ಎಂಬುದು ಎಲ್ಲಿಯೂ ಇಲ್ಲ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಗೆಳೆಯರ ಗುಂಪು ಉತ್ಸಾಹದಿಂದ ಕಾರ್ಯಕ್ರಮಕ್ಕೆ ಇಳಿದಾಗ ಹತ್ತಿರದವರೇ ಹಿಂದಕ್ಕೆ ಸರಿಯುವುದನ್ನು ನಾನು ಕಲಾವಿದರ ಸಂಗ್ರಹಗಳ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಹುಟ್ಟೂರಿನಲ್ಲಿ ಹಿಂದಿನ ಸಾಲಿಗೆ ತಳ್ಳಲ್ಪಟ್ಟವರು ನಿಮ್ಮ ನುಡಿನಮನದಲ್ಲಿಯೂ ಹಿಂದಿನ ಸಾಲಿನಲ್ಲಿ ಕೂರಬಾರದು. ಯಾವ ತೀರ್ಮಾನವನ್ನೂ ಮೊದಲು ಅವರ ಮುಂದಿಡಿ. ಅವರು ‘ಈಗ ಬೇಡ’ ಎಂದರೆ ಆರು ತಿಂಗಳು ಕಾಯಿರಿ. ಪ್ರದರ್ಶನ ಎಲ್ಲಿಗೂ ಓಡಿಹೋಗುವುದಿಲ್ಲ. ಅವರಿಗೆ ಮನಸ್ಸಿದ್ದರೆ ಒಂದು ಬೆಳಿಗ್ಗೆ ಅವರೊಂದಿಗೆ ಪಶ್ಚಿಮವಾಹಿನಿಗೆ ಹೋಗಿಬನ್ನಿ. ನದಿಗೆ ಹೂ ಬಿಡಲು ಯಾರ ಅನುಮತಿಯೂ ಬೇಡ.

ಇನ್ನು ಕಾನೂನು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಆಯುಧಪೂಜೆಗೆ ಹೆಚ್ಚು ದಿನಗಳಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. ಆದರೆ 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಹೀಗಾಗಿ 17 ವರ್ಷದ ಸಂಸಾರ ಅಪರಾಧವಲ್ಲ, ಆದರೆ ಉತ್ತರಾಧಿಕಾರದ ಕಣ್ಣಿಗೆ ಅದು ಕಾಣುವುದೂ ಇಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳು ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು, ಒಂದೇ ರೇಷನ್ ಕಾರ್ಡಿನ ಕುಟುಂಬವೆಂದು ಪರಿಗಣಿಸಲ್ಪಡಬಹುದು ಎಂದು ಸ್ಪಷ್ಟಪಡಿಸಿದವು. ಸಂಗಾತಿಯ ದೇಹವನ್ನು ಪಡೆಯುವ ಅವಕಾಶದ ಮಾತೂ ಆಗ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದಲ್ಲಿತ್ತು, ಆದರೆ ಹತ್ತಿರದ ಬಂಧುಗಳು ಲಭ್ಯರಿಲ್ಲದಿದ್ದಾಗ ಎಂಬ ಷರತ್ತಿನೊಂದಿಗೆ. ನಿಮ್ಮ ಗೆಳತಿಯ ವಿಷಯದಲ್ಲಿ ತಮ್ಮನವರು ಇದ್ದರು, ಬಂದರು. ಆ ದಿನ ನೀವು ಹೆಚ್ಚೇನೂ ಮಾಡಲು ಆಗುತ್ತಿರಲಿಲ್ಲ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಚಿತ್ರಗಳ ಒಡೆತನಕ್ಕೆ ಬಂದರೆ, ಮೊದಲು ಉಯಿಲು ಇದೆಯೇ ಎಂದು ಹುಡುಕಿ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಅವರು ಸಹಿ ಮಾಡಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದ ಬಿಳಿ ಹಾಳೆಯೂ ಉಯಿಲೇ. ಕಾಯಿಲೆಯ ದಿನಗಳಲ್ಲಿ ಬರೆದ ಡೈರಿ, ಆಸ್ಪತ್ರೆಯ ಕಡತ, ಸ್ಕೆಚ್ ಪುಸ್ತಕದ ಕೊನೆಯ ಪುಟಗಳನ್ನೂ ನೋಡಿ. ಉಯಿಲು ಇಲ್ಲವೆಂದಾದರೆ, ಮತ್ತು ಅವರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ಮದುವೆಯಾಗದ, ಮಕ್ಕಳಿಲ್ಲದ ಮಹಿಳೆಯ ಸ್ವಯಾರ್ಜಿತ ಆಸ್ತಿ ತಾಯಿ ತಂದೆಗೆ ಹೋಗುತ್ತದೆ. ತಂದೆ ಇಲ್ಲದಿರುವುದರಿಂದ ತಾಯಿಗೆ. ತಮ್ಮನವರಿಗೆ ಅಲ್ಲ. ಈ ಒಂದು ಸಂಗತಿಯನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗಾಡಿ ತರುವವರು ಅವರಾಗಿರಬಹುದು, ಆದರೆ ತೀರ್ಮಾನ ಮಾಡಬೇಕಾದವರು ನೀವೆಲ್ಲ ಯಾರಿಗೆ ನೋವಾಗಬಾರದೆಂದು ದೂರವಿಟ್ಟಿದ್ದೀರೋ ಆ ತಾಯಿಯೇ.

ಗೆಳತಿ ಬದುಕಿದ್ದಾಗಲೇ ಕೊಟ್ಟುಬಿಟ್ಟ ಚಿತ್ರಗಳ ವಿಷಯ ಬೇರೆ. ಚರ ವಸ್ತುವನ್ನು ಕೈಗೆ ಕೊಟ್ಟರೆ ದಾನ ಪೂರ್ಣವಾಗುತ್ತದೆ, ಪತ್ರ ಬೇಕಿಲ್ಲ. ನಿಮ್ಮ ಹುಟ್ಟುಹಬ್ಬಕ್ಕೆ ಕೊಟ್ಟದ್ದು, ನಿಮ್ಮ ಗೋಡೆಯ ಮೇಲಿರುವುದು ನಿಮ್ಮದು. ಸಂಗಾತಿಗೆ ಕೊಟ್ಟದ್ದು ಸಂಗಾತಿಯದು, ಆದರೆ ಇಬ್ಬರೂ ಒಂದೇ ಸೂರಿನಡಿ ಇದ್ದುದರಿಂದ ಕೊಟ್ಟದ್ದೆಂದು ತೋರಿಸುವುದು ಕಷ್ಟ. ಚಿತ್ರದ ಹಿಂಬದಿಯ ಬರಹ, ಹಳೆಯ ವಾಟ್ಸಾಪ್ ಸಂದೇಶ, ಅವರ ಕೋಣೆಯಲ್ಲಿ ಅದು ತೂಗುತ್ತಿದ್ದ ಫೋಟೋ, ನಿಮ್ಮಲ್ಲಿ ಯಾರಾದರೂ ಆ ಸಂದರ್ಭದಲ್ಲಿ ಇದ್ದಿರಾದರೆ ಅದರ ಲಿಖಿತ ಹೇಳಿಕೆ, ಇವನ್ನೆಲ್ಲ ಈಗಲೇ ಕೂಡಿಸಿ. ಚಿತ್ರದ ಒಡೆತನ ಬೇರೆ, ಹಕ್ಕುಸ್ವಾಮ್ಯ ಬೇರೆ ಎಂಬುದನ್ನೂ ನೆನಪಿಡಿ. ಕ್ಯಾನ್ವಾಸ್ ನಿಮ್ಮದಾಗಿದ್ದರೂ ಅದನ್ನು ಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ ಅಚ್ಚು ಹಾಕುವ ಹಕ್ಕು ಕಲಾವಿದೆಯ ವಾರಸುದಾರರದು, ಮತ್ತು ಅದು ಮರಣದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಸಂಗಾತಿಗೆ ಬರೆದ ಪತ್ರಗಳ ಮಾತೂ ಹೀಗೆಯೇ: ಹಾಳೆ ಅವರದು, ಪ್ರಕಟಿಸುವ ಹಕ್ಕು ತಾಯಿಯದು.

ಹಾಗಾಗಿ ತಾಯಿಯನ್ನು ಕಾಣಿರಿ. ಒಂಬತ್ತು ಜನ ಬೇಡ, ಇಬ್ಬರು ಹೋಗಿ. ಅವರಲ್ಲಿ ಒಬ್ಬರು ಆ ಮನೆಯಲ್ಲಿ ಹಿಂದೆ ಊಟ ಮಾಡಿದವರಾಗಿರಲಿ. ಮಗಳ ಒಂದು ಚಿತ್ರವನ್ನು ಚೌಕಟ್ಟು ಹಾಕಿಸಿ ಒಯ್ಯಿರಿ, ಸಾಧ್ಯವಾದರೆ ಊರಿನ ಗದ್ದೆ, ಆಲೆಮನೆ, ಹಿತ್ತಿಲು ಇರುವಂಥದ್ದು. ಮೊದಲ ಭೇಟಿಯಲ್ಲಿ ಕಾಗದ ತೆಗೆಯಬೇಡಿ. 17 ವರ್ಷ ಮಗಳು ಯಾರೊಂದಿಗೆ ಇದ್ದಳು, ಹಬ್ಬಕ್ಕೆ ಯಾರನ್ನು ಕರೆತರುತ್ತಿದ್ದಳು, ಕೊನೆಯ ದಿನಗಳಲ್ಲಿ ಯಾರು ನೋಡಿಕೊಂಡರು ಎಂಬುದು ತಾಯಿಗೆ ಗೊತ್ತಿಲ್ಲವೆಂದು ನಾನು ನಂಬಲಾರೆ. ಹಳ್ಳಿಯ ತಾಯಂದಿರಿಗೆ ಹೆಸರಿಡದೆ ತಿಳಿದುಕೊಳ್ಳುವ ಒಂದು ಬಗೆಯಿದೆ, ಮತ್ತು ಹೆಸರಿಟ್ಟರೆ ಊರಿಗೆ ಉತ್ತರ ಹೇಳಬೇಕಾದ ಭಯವೂ ಇದೆ. ಅವರು ಒಪ್ಪಿದರೆ ಮೂರು ವಿಷಯಗಳನ್ನು ಸರಳ ಕನ್ನಡದಲ್ಲಿ ಬರೆದು ಓದಿ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಿರಿ: ಪಟ್ಟಿಯಾಗುವವರೆಗೆ ಚಿತ್ರಗಳು ಮೈಸೂರಿನಲ್ಲಿಯೇ ಇರುವುದು, ಪ್ರದರ್ಶನಕ್ಕೂ ಒಂದು ಕೈಪಿಡಿಗೂ ಅನುಮತಿ, ಮತ್ತು ಯಾವ ಚಿತ್ರಗಳು ಸಂಗಾತಿಯ ಬಳಿ ಉಳಿಯಬೇಕೆಂಬುದು. ಹಕ್ಕುಸ್ವಾಮ್ಯವನ್ನೇ ವರ್ಗಾಯಿಸುವುದಾದರೆ ಅದು ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದೇ ವರ್ಷವೆಂದು ತಿಳಿಯುತ್ತದೆ, ಆದ್ದರಿಂದ ಆ ಹಂತದಲ್ಲಿ ವಕೀಲರ ನೆರವು ಪಡೆಯಿರಿ. ತಾಯಿ ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಆಗಲೂ ಒಂದು ಕೆಲಸ ನಿಮ್ಮ ಕೈಯಲ್ಲಿದೆ.

ಅದು ಪಟ್ಟಿ. ನಿಮ್ಮ ಗೆಳತಿಗೆ ನೀವು ಸಲ್ಲಿಸಬಹುದಾದ ಅತಿ ದೊಡ್ಡ ಗೌರವ ಯಾವುದೆಂದು ನನ್ನನ್ನು ಕೇಳಿದರೆ, ನುಡಿನಮನಕ್ಕೂ ಪ್ರಶಸ್ತಿಗೂ ಪ್ರತಿಷ್ಠಾನಕ್ಕೂ ಮೊದಲು ನಾನು ಪಟ್ಟಿಯನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಕಲಾವಿದರು ತೀರಿಕೊಂಡಾಗ ನಾವು ಕೆಲವರು ಸಭೆ ಮಾಡಿ, ಭಾಷಣ ಮಾಡಿ, ಫ್ಲೆಕ್ಸ್ ಕಟ್ಟಿ ಮನೆಗೆ ಹೋದೆವು. ಮರುವರ್ಷ ನೋಡಿದರೆ ಅವರ ರೇಖಾಚಿತ್ರಗಳು ಹಳೆ ಪೇಪರಿನ ತೂಕಕ್ಕೆ ಹೋಗಿದ್ದವು. ಮನೆಯವರಿಗೆ ಅವುಗಳಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ, ಗೊತ್ತಿದ್ದ ನಾವು ಬರೆದಿಟ್ಟಿರಲಿಲ್ಲ. ಆ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆದ್ದರಿಂದ ಈ ವಾರದಿಂದಲೇ ಪ್ರತಿ ಚಿತ್ರದ ಮುಂಬದಿ ಹಿಂಬದಿ ಎರಡನ್ನೂ ಹಗಲ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಕ್ರಮಸಂಖ್ಯೆಯನ್ನು ಕ್ಯಾನ್ವಾಸಿನ ಮೇಲೆ ಬರೆಯದೆ ಅದನ್ನು ಬಿಗಿದಿರುವ ಮರದ ಪಟ್ಟಿಯ ಮೇಲೆ, ಕಾಗದದ ಚಿತ್ರವಾದರೆ ಹಿಂಬದಿಯ ಮೂಲೆಯಲ್ಲಿ ಮೆದು ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಬೇಡವೇ ಬೇಡ. ಅಳತೆ, ಮಾಧ್ಯಮ, ವರ್ಷ, ಈಗಿನ ಸ್ಥಿತಿ ಬರೆದ ಮೇಲೆ, ನಿಮಗೆ ಮಾತ್ರ ತಿಳಿದಿರುವುದನ್ನು ಬರೆಯಿರಿ: ಇದು ಕುಕ್ಕರಹಳ್ಳಿ ಕೆರೆಯ ಯಾವ ದಂಡೆ, ಇದು ಯಾವ ಮಳೆಗಾಲ, ಈ ಕೆಂಪು ಸೀರೆ ಯಾರದು, ಇದನ್ನು ಬರೆಯುವಾಗ ಮನೆಯಲ್ಲಿ ಏನು ನಡೆದಿತ್ತು. ಹಾಗೆ ಒಂಬತ್ತು ಜನರೂ ಒಂದೊಂದು ಗಂಟೆ ಫೋನಿನಲ್ಲಿ ನೆನಪುಗಳನ್ನು ದಾಖಲಿಸಿ. ಪಟ್ಟಿಯ ಮೂರು ಪ್ರತಿ ಮಾಡಿ, ಒಂದು ತಾಯಿಗೆ, ಒಂದು ಸಂಗಾತಿಗೆ, ಒಂದು ನಿಮಗೆ. ನಾಳೆ ಗಾಡಿ ಬಂದೇ ಬಂದರೆ, ಒಯ್ಯುವವರೂ ಕೊಡುವವರೂ ಆ ಪಟ್ಟಿಗೆ ಸಹಿ ಹಾಕದೆ ಒಂದು ಹಾಳೆಯೂ ಹೊರಡಬಾರದು. ಒಡೆತನ ಬದಲಾದರೂ ಏನಿತ್ತು ಎಂಬುದು ಅಳಿಯುವುದಿಲ್ಲ.

ಮಳೆಗಾಲ ಇನ್ನೂ ಮುಗಿದಿಲ್ಲವಾದ್ದರಿಂದ ಒಂದೆರಡು ಎಚ್ಚರಿಕೆ. ಚಿತ್ರಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ಕಟ್ಟಬೇಡಿ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ನೆಲದ ಮೇಲೆ, ಹೊರಗೋಡೆಗೆ ಒರಗಿಸಿ ಇಡಬೇಡಿ. ಸುರುಳಿ ಸುತ್ತಲೇಬೇಕಾದರೆ ಬಣ್ಣದ ಬದಿ ಹೊರಗಿರಲಿ. ಲ್ಯಾಮಿನೇಷನ್ ಮಾಡಿಸಿದರೆ ಕಾಗದದ ಚಿತ್ರ ಸತ್ತಂತೆಯೇ.

ಈಗ ನಿಮ್ಮಲ್ಲಿ ಭಿನ್ನಾಭಿಪ್ರಾಯ ಹುಟ್ಟಿಸಿದ ಪ್ರಶ್ನೆ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಅವರು ತಮ್ಮ ಬದುಕಿನಲ್ಲಿ ಎಲ್ಲಿ ಎಷ್ಟು ಹೇಳಿಕೊಂಡಿದ್ದರೋ ಅಲ್ಲಿ ಅಷ್ಟನ್ನು ನೀವು ಹೇಳಬೇಕು, ಹೆಚ್ಚಲ್ಲ, ಕಡಿಮೆಯೂ ಅಲ್ಲ. ಮೈಸೂರಿನಲ್ಲಿ ಅವರು ಲೆಸ್ಬಿಯನ್ ಎಂದೇ ಬದುಕಿದ್ದರಿಂದ ಮೈಸೂರಿನ ವೇದಿಕೆಯಲ್ಲಿ ಅದನ್ನು ಮರೆಮಾಚಿದರೆ, ಅವರು ಕಷ್ಟಪಟ್ಟು ಗಳಿಸಿದ್ದನ್ನು ಸತ್ತ ಮೇಲೆ ಕಿತ್ತುಕೊಂಡಂತಾಗುತ್ತದೆ. ಊರಿನಲ್ಲಿ ಅವರೇ ಹೇಳದಿದ್ದುದನ್ನು ಊರಿನ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಸಾರುವ ಅಧಿಕಾರವೂ ನಿಮಗಿಲ್ಲ. ಪ್ರದರ್ಶನದ ಸುದ್ದಿ ಪತ್ರಿಕೆಯ ಮೂಲಕ ಊರಿಗೆ ತಲುಪಬಹುದು ನಿಜ. ಅದಕ್ಕಾಗಿಯೇ ತಾಯಿಯನ್ನು ಮೊದಲು ಕಾಣಿರಿ ಎಂದೆ. ಮತ್ತೊಬ್ಬರ ಬಾಯಿಂದ ಅವರು ಕೇಳಬಾರದು.

ಕಲೆಯ ದೃಷ್ಟಿಯಿಂದಲೂ ಇದು ಮುಖ್ಯ. ಬರೋಡದ ಭೂಪೇನ್ ಖಖ್ಖರ್ ಅವರು ತಮ್ಮ ಸಲಿಂಗಪ್ರೇಮವನ್ನು 1980ರ ದಶಕದಿಂದ ಚಿತ್ರಗಳಲ್ಲಿಯೇ ಮುಕ್ತವಾಗಿ ಇಟ್ಟರು. 2003ರಲ್ಲಿ ತೀರಿಕೊಂಡ ಅವರ ಕೃತಿಗಳ ದೊಡ್ಡ ಪ್ರದರ್ಶನ 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ನಡೆಯಿತು. ಆ ಬದುಕನ್ನು ಮುಚ್ಚಿಟ್ಟು ಆ ಚಿತ್ರಗಳನ್ನು ಯಾರೂ ವಿವರಿಸಲಾರರು. ಫ್ರಾನ್ಸಿನ ರೋಸಾ ಬೊನ್ಹರ್ (1822–1899) ಅವರ ಕಥೆ ನಿಮಗೆ ಇನ್ನೂ ಹತ್ತಿರದ್ದು. ಪ್ರಾಣಿಗಳನ್ನು ಚಿತ್ರಿಸಿ ಯುರೋಪಿನಲ್ಲೆಲ್ಲ ಹೆಸರಾದ ಅವರು ನತಾಲಿ ಮಿಕಾ ಎಂಬುವರೊಂದಿಗೆ 40 ವರ್ಷಕ್ಕೂ ಹೆಚ್ಚು ಕಾಲ ಬಾಳಿದರು. ಮಿಕಾ 1889ರಲ್ಲಿ ತೀರಿಕೊಂಡ ಮೇಲೆ ಕೊನೆಯ ವರ್ಷಗಳಲ್ಲಿ ಅಮೆರಿಕದ ಚಿತ್ರಕಾರ್ತಿ ಆನಾ ಕ್ಲಂಪ್ಕಿ ಜೊತೆಯಾದರು. ಬೊನ್ಹರ್ ಉಯಿಲು ಬರೆದು ಎಲ್ಲವನ್ನೂ ಕ್ಲಂಪ್ಕಿಗೆ ಬಿಟ್ಟರು. ಆ ಒಂದು ಕಾಗದದಿಂದಾಗಿ ಕ್ಲಂಪ್ಕಿ ಆಕೆಯ ಕೃತಿಗಳ ಉಸ್ತುವಾರಿ ನೋಡಲು, 1908ರಲ್ಲಿ ಆಕೆಯ ಜೀವನಚರಿತ್ರೆ ಪ್ರಕಟಿಸಲು, ಆಕೆಯ ಹೆಸರಿನಲ್ಲಿ ಬಹುಮಾನ ಸ್ಥಾಪಿಸಲು ಸಾಧ್ಯವಾಯಿತು. ಮೂವರೂ ಈಗ ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದ ಒಂದೇ ಸಮಾಧಿಯಲ್ಲಿದ್ದಾರೆ, ಮತ್ತು ಅದರ ಕಲ್ಲಿನ ಮೇಲೆ ಗೆಳೆತನವೆಂಬುದು ದೈವೀ ಪ್ರೀತಿ ಎಂಬ ಅರ್ಥದ ಮಾತಿದೆ. ‘ಫ್ರೆಂಡು’ ಎಂಬ ಪದವನ್ನು ಒಬ್ಬರನ್ನು ಹಿಂದಿನ ಸಾಲಿಗೆ ತಳ್ಳಲು ಬಳಸಬಹುದು. ಅದೇ ಪದವನ್ನು ಕಲ್ಲಿನಲ್ಲಿ ಕೆತ್ತಿಸಿ ಮುಂದಿನ ಸಾಲಿಗೂ ತರಬಹುದು. ಸಂಗಾತಿಯನ್ನು ಆಹ್ವಾನಪತ್ರಿಕೆಯಲ್ಲಿ ಏನೆಂದು ಕರೆಯಬೇಕೆಂದು ಅವರನ್ನೇ ಕೇಳಿ. ‘ಸಂಗಾತಿ’, ‘ಬಾಳಗೆಳತಿ’, ಇಲ್ಲವೇ ಬರೀ ಹೆಸರು, ಅವರು ಆರಿಸಿದ್ದೇ ಸರಿ.

ಒಂದು ಗಂಭೀರ ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಸ್ಕೆಚ್ ಪುಸ್ತಕಗಳಲ್ಲಿ ನಿಮ್ಮ ಗುಂಪಿನ ಇತರ ಹೆಂಗಸರ ಮುಖಗಳೂ ಇರುತ್ತವೆ, ಅವರಲ್ಲಿ ಕೆಲವರು ಮನೆಯಲ್ಲಿ ಏನನ್ನೂ ಹೇಳಿಕೊಂಡಿರಲಾರರು. ತೀರಿಕೊಂಡವರ ಮುಕ್ತತೆ ಬದುಕಿರುವವರ ಗುಟ್ಟು ಬಿಚ್ಚಲು ಪರವಾನಗಿಯಲ್ಲ. ಅಮೆರಿಕದ ಲೆಸ್ಬಿಯನ್ ಕಲಾವಿದೆ ಟೀ ಕೊರಿನ್ (1943–2006) ತಾವು ಫೋಟೋ ತೆಗೆದ ಹೆಂಗಸರ ಗುರುತು ಸಿಗದಿರಲೆಂದು ಸೋಲರೈಸೇಷನ್ ಎಂಬ ತಂತ್ರದಿಂದ ಮುಖ, ಮೈಗಳ ಬೆಳಕು ನೆರಳನ್ನೇ ತಿರುಗುಮುರುಗು ಮಾಡುತ್ತಿದ್ದರು; ಆ ಮರೆಯೇ ಅವರ ಚಿತ್ರಗಳ ಚೆಲುವೂ ಆಯಿತು. ಅವರ ಕಾಗದಪತ್ರಗಳು ಇಂದು ಆರೆಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಯನಕ್ಕೆ ದೊರೆಯುತ್ತವೆ. ನಮ್ಮ ನೆರೆಯಲ್ಲಿಯೂ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ, ಇಂಥ ಬದುಕುಗಳ ದಾಖಲೆಗಳನ್ನು ಕಾಪಾಡುವ ‘ಕಮ್ರಾ’ ಸಂಗ್ರಹಾಲಯವಿದೆ. ಡೈರಿ, ಪತ್ರ, ಧ್ವನಿಮುದ್ರಣಗಳನ್ನು ಎಲ್ಲಿಡುವುದೆಂದು ಯೋಚಿಸುವಾಗ, ಸಂಗಾತಿ ಮತ್ತು ತಾಯಿ ಇಬ್ಬರೂ ಒಪ್ಪಿದರೆ, ಅಲ್ಲಿ ವಿಚಾರಿಸಿ. ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕೆಂಬ ಷರತ್ತನ್ನು ಮೊದಲೇ ಮಾತನಾಡಿಕೊಳ್ಳಿ.

ನುಡಿನಮನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಲಾಮಂದಿರದ ಆವರಣದ ಸುಚಿತ್ರ ಕಲಾ ಗ್ಯಾಲರಿ ಆಗಬಹುದು, ಸರಸ್ವತಿಪುರಂನ ಆ ಮನೆಯ ವರಾಂಡವೂ ಆಗಬಹುದು. ನನಗಂತೂ ವರಾಂಡ ಹೆಚ್ಚು ಇಷ್ಟ. ಅತಿಥಿಗಳ ಸಾಲು, ಹಾರ ತುರಾಯಿ ಬೇಡ. ಮಹಾಲಯ ಅಮಾವಾಸ್ಯೆಯಂದು ಮಂಡ್ಯದ ಕಡೆ ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆಯನ್ನೂ ಅವರಿಗೆ ಇಷ್ಟವಾದ ತಿಂಡಿಯನ್ನೂ ಇಡುವಂತೆ, ನೀವು ಅವರ ಇಷ್ಟದ ತಿಂಡಿಯನ್ನು, ಕುಂಚಗಳನ್ನು, ಅವರು ಉಡುತ್ತಿದ್ದ ಕಾಟನ್ ಸೀರೆಯನ್ನು ಇಡಿ. ಮೊದಲು ಸಂಗಾತಿ ಮಾತನಾಡಲಿ. ಮಾತು ಬರದಿದ್ದರೆ ಎಲ್ಲರೂ ಅವರೊಂದಿಗೆ ಸುಮ್ಮನೆ ಕೂತಿರಿ.

ಕೊನೆಯದಾಗಿ ಆ ಅರ್ಧ ಚಿತ್ರ. ಮುಗಿಸುತ್ತೇನೆಂದವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಕೃತಿಯನ್ನು ತಿದ್ದಿ ವಿರೂಪಗೊಳಿಸುವುದರ ವಿರುದ್ಧ ಕಲಾವಿದೆಗೆ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂನಲ್ಲಿ ವಿಶೇಷ ಹಕ್ಕಿದೆ, ಅವರ ನಂತರ ಅದನ್ನು ಕಾನೂನುಬದ್ಧ ಪ್ರತಿನಿಧಿಗಳು ಚಲಾಯಿಸಬಹುದು. ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರ ಭಿತ್ತಿಶಿಲ್ಪವನ್ನು ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ್ದಕ್ಕೆ ದೆಹಲಿ ಹೈಕೋರ್ಟ್ 2005ರಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು ಇದೇ ಕಲಂನ ಬಲದಿಂದ. ಕಾನೂನನ್ನು ಬಿಟ್ಟರೂ, ಎಲ್ಲಿ ಕೈ ನಿಂತಿತೋ ಅದು ಆ ಚಿತ್ರದ ಭಾಗವೇ ಆಗಿದೆ. ಈಸಲ್, ಪ್ಯಾಲೆಟ್, ಬಣ್ಣ ಒಣಗಿದ ಕುಂಚಗಳು ಇರುವಂತೆಯೇ ಇರುವಾಗ ಕೋಣೆಯ ಫೋಟೋ ತೆಗೆಯಿರಿ. ತೈಲವರ್ಣ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು, ಹಾಗಾಗಿ ಅದರ ಮೇಲೆ ಬಟ್ಟೆ ಹೊದಿಸದೆ, ಗೋಡೆಯಿಂದ ಸ್ವಲ್ಪ ದೂರದಲ್ಲಿ, ಗಾಳಿಯಾಡುವಲ್ಲಿ ಬಿಡಿ. ಪಟ್ಟಿಯಲ್ಲಿ ಅದಕ್ಕೆ ಹೆಸರಿಡಬೇಡಿ. ‘ಶೀರ್ಷಿಕೆಯಿಲ್ಲ, ಅಪೂರ್ಣ’ ಎಂದು ಬರೆದು, ಅವರು ಕೊನೆಯ ಬಾರಿ ಕುಂಚ ಹಿಡಿದ ದಿನ ಯಾವುದೆಂದು ಸಂಗಾತಿಯನ್ನು ಕೇಳಿ, ಆ ದಿನಾಂಕವನ್ನು ಅವರ ಕೈಯಿಂದಲೇ ಬರೆಸಿ.